ಬಿಟ್ಟರೆ ಮುಚ್ಚಿಹೋಗುವ ಕಾಲುವೆ

ಬೇಸಿಂಗ್‌ಸ್ಟೋಕ್ ಕಾಲುವೆ ಇಂದು ಬೇಸಿಂಗ್‌ಸ್ಟೋಕ್ ಊರನ್ನು ಮುಟ್ಟುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ವೇ ನದಿಯಿಂದ ಆ ಊರಿನವರೆಗೆ 37 ಮೈಲಿ ಅಗೆದು 1794ರಲ್ಲಿ ನೀರು ಹರಿಸಿದ್ದರು. ಕೊನೆಯ ಐದು ಮೈಲಿ ಹೋಗಿಯೇ ಹೋಯಿತು. ದೋಣಿಗಳು ಕಲ್ಲಿದ್ದಲು ಇಳಿಸಿ ಮರ, ಹಿಟ್ಟು ತುಂಬಿಕೊಳ್ಳುತ್ತಿದ್ದ ಕಟ್ಟೆಯ ಜಾಗದಲ್ಲಿ ಈಗ ಬಸ್ ನಿಲ್ದಾಣವಿದೆ. ಉಳಿದ 32 ಮೈಲಿ ಮಾತ್ರ ಜೀವಂತವಾಗಿದೆ. ಅದು ಹೇಗೆ ಉಳಿದಿದೆ ಎಂಬುದನ್ನು ನಾನು ತಿಳಿದದ್ದು ಅದರ ಕೆಸರಲ್ಲಿ ನಿಂತು.

ಕೆಲಸದ ಮೇಲೆ ಹ್ಯಾಂಪ್‌ಶೈರಿಗೆ ಬಂದ ನಮ್ಮಂಥ ಅನೇಕ ಕನ್ನಡದ ಕುಟುಂಬಗಳಿಗೆ ಈ ಕಾಲುವೆ ಸಂಜೆಯ ನಡಿಗೆಯ ಜಾಗ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಮೇಲೆ ಈಗ ಮಕ್ಕಳು ಸೈಕಲ್ ತುಳಿಯುತ್ತಾರೆ. ನಡೆದೂ ನಡೆದೂ ಪ್ರೀತಿ ಹುಟ್ಟಿ, ವಾರಾಂತ್ಯದ ಸ್ವಯಂಸೇವಕರ ಗುಂಪಿಗೆ ಸೇರಿದೆ. ವನ್ಯಜೀವಿಗಳಿಗೆ ನೆರವಾಗೋಣವೆಂದು ಹೋದವನ ಕೈಗೆ ಮೊದಲ ದಿನವೇ ಗರಗಸ ಕೊಟ್ಟರು. ನೀರಿನಂಚಿನ ಮರ ಕಡಿಯಬೇಕಿತ್ತು.

ಏಕೆಂದು ಹಿರಿಯರೊಬ್ಬರು ನೀರು ತೋರಿಸಿಯೇ ವಿವರಿಸಿದರು. ಮರ ಕವಿದ ಕಡೆ ನೀರು ಕಪ್ಪಗಿತ್ತು, ಒಂದು ಗಿಡವೂ ಇರಲಿಲ್ಲ. ಬಿಸಿಲು ಬೀಳುವಲ್ಲಿ ಜಲಸಸ್ಯಗಳು ಎದ್ದಿದ್ದವು. ಡ್ರ್ಯಾಗನ್‌ಫ್ಲೈ ಮರಿಗಳು ಬೆಳೆಯುವುದು ಆ ಸಸ್ಯಗಳ ನಡುವೆ, ರೆಕ್ಕೆ ಬಂದ ಮೇಲೆ ಅವು ಹಾರಾಡುವುದೂ ಬಿಸಿಲಿದ್ದಲ್ಲೇ. ಉದುರಿದ ಎಲೆ ಕೊಳೆತು ಹೂಳಾಗುತ್ತದೆ. ಬೇರುಗಳು ಇನ್ನೊಂದು ಅನಾಹುತ ಮಾಡುತ್ತವೆ: ಕಾಲುವೆ ಸೋರದಂತೆ ಹಿಂದಿನವರು ತುಳಿದು ಹದಮಾಡಿ ಮೆತ್ತಿದ ಜೇಡಿಮಣ್ಣಿನ ಪದರವನ್ನೇ ಸೀಳುತ್ತವೆ. ಕಡಿಯುವ ಕೆಲಸವೆಲ್ಲ ಚಳಿಗಾಲದಲ್ಲೇ ಮುಗಿಯಬೇಕು. ವಸಂತ ಬಂತೆಂದರೆ ಹಕ್ಕಿಗಳು ಗೂಡು ಕಟ್ಟುತ್ತವೆ.

ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ ಎನ್ನುವವರನ್ನು ನಾನು ಗೌರವಿಸುತ್ತೇನೆ. ಆದರೆ ಕಾಲುವೆ ಮನುಷ್ಯ ಮಾಡಿದ ನೀರು. ಬಿಟ್ಟರೆ ಮೊದಲು ಜವುಗಾಗುತ್ತದೆ, ಆಮೇಲೆ ಒಣ ಪೊದೆ. ಇಲ್ಲಿ ಹಾಗೆಯೇ ಆಗಿತ್ತು. 1839ರಲ್ಲಿ ಬೇಸಿಂಗ್‌ಸ್ಟೋಕಿಗೆ ರೈಲು ಬಂದ ಮೇಲೆ ಸರಕು ಅತ್ತ ಸರಿಯಿತು. 1960ರ ದಶಕದ ಹೊತ್ತಿಗೆ ಕಾಲುವೆಯ ಬಹುಭಾಗ ಹೂಳು, ಮುರಿದ ಬಾಗಿಲು, ಕಸ. 1966ರಲ್ಲಿ ಸುತ್ತಲಿನ ಜನ ಸೇರಿ ಸರ್ರಿ ಅಂಡ್ ಹ್ಯಾಂಪ್‌ಶೈರ್ ಕೆನಾಲ್ ಸೊಸೈಟಿ ಕಟ್ಟಿದರು. ಅವರ ಒತ್ತಾಯ ಫಲಿಸಿ ಎರಡು ಕೌಂಟಿ ಕೌನ್ಸಿಲ್‌ಗಳು 1970ರ ದಶಕದಲ್ಲಿ ಕಾಲುವೆಯನ್ನು ತಮ್ಮ ವಶಕ್ಕೆ ಪಡೆದವು. ಓಡಿಹ್ಯಾಮಿನಲ್ಲಿ ಹಬೆಯ ಯಂತ್ರದಿಂದ ಹೂಳೆತ್ತಿದರು. ಡೀಪ್‌ಕಟ್‌ನಲ್ಲಿ ಸಾಲಾಗಿ ಇರುವ 14 ಲಾಕ್‌ಗಳನ್ನು, ಅಂದರೆ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ನೀರಿನ ಕೋಣೆಗಳನ್ನು, ಇಟ್ಟಿಗೆ ಇಟ್ಟಿಗೆಯಾಗಿ ದುರಸ್ತಿ ಮಾಡಿದರು. 1991ರ ಮೇ 10ರಂದು ಮತ್ತೆ ದೋಣಿ ಹೊರಟಿತು.

ಅಲ್ಲಿಗೆ ಕೆಲಸ ಮುಗಿಯಿತೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಓಕ್ ಮರದ ಲಾಕ್ ಬಾಗಿಲು ಬಾಳುವುದು ಸುಮಾರು 25 ವರ್ಷ. ಅಂದು ಕೂರಿಸಿದ ಬಾಗಿಲುಗಳ ಆಯಸ್ಸು ಮುಗಿದು, ಮತ್ತೆ ಅದೇ ಖರ್ಚು, ಅದೇ ಶ್ರಮ. ನಮ್ಮ ಊರಿನ ಕೆರೆಗೂ ಬೇಸಿಗೆ ಬೇಸಿಗೆಗೆ ಹೂಳೆತ್ತುವ ಕೈಗಳು, ತೂಬು ಕಾಯುವ ನೀರುಗಂಟಿ ಇದ್ದಾಗಲಷ್ಟೇ ನೀರಿತ್ತು. ಹಣ ಕೊಡುವವರು ಉದ್ಘಾಟನೆಗೆ ಸುಲಭವಾಗಿ ಒಪ್ಪುತ್ತಾರೆ, ಮುಂದಿನ 25 ವರ್ಷಕ್ಕೆ ಒಪ್ಪುವುದು ಕಷ್ಟ. ಯಾವುದೇ ಹಳೆಯ ಜಲಮೂಲವನ್ನು ಎಬ್ಬಿಸಲು ಹೊರಟವರು ಮೊದಲ ದಿನವೇ ಈ ಲೆಕ್ಕ ಹಾಕಬೇಕು.

ದೋಣಿ ಮತ್ತು ಗಿಡದ ನಡುವಿನ ನ್ಯಾಯವೂ ಸೂಕ್ಷ್ಮ. ಮೇಲ್ತುದಿಯಲ್ಲಿ ಸುಣ್ಣದ ಅಂಶವಿರುವ ಬುಗ್ಗೆಯ ನೀರು. ಕೆಳಗೆ ಬರುತ್ತ ಬರುತ್ತ ಕುರುಚಲು ಬಯಲಿನ ಮಣ್ಣು ಸೇರಿ ಅದು ಆಮ್ಲೀಯವಾಗುತ್ತದೆ. ಹೀಗಾಗಿ ಒಂದೇ ಕಾಲುವೆಯಲ್ಲಿ ಅಪರೂಪದಷ್ಟು ಬಗೆಯ ಜಲಸಸ್ಯಗಳಿದ್ದು, 1995ರಲ್ಲಿ ಇದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ದೋಣಿ ಹೆಚ್ಚಿದರೆ ನೀರು ಕದಡಿ ಗಿಡ ಸಾಯುತ್ತದೆ, ದೋಣಿಯೇ ಬಾರದಿದ್ದರೆ ಕಳೆ ಕವಿದು ನೀರು ಕಾಣದಾಗುತ್ತದೆ. ಆದ್ದರಿಂದಲೇ ದೋಣಿ ಸಂಚಾರಕ್ಕೆ ಮಿತಿ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಬುಗ್ಗೆ ಇಳಿದಾಗ ಲಾಕ್‌ಗಳನ್ನು ಮುಚ್ಚುವುದೂ ಉಂಟು. ರಜೆಗೆ ದೋಣಿ ಹತ್ತಿದವರಿಗೆ ಬೇಸರವಾಗುತ್ತದೆ. ಆ ಬೇಸರ ನ್ಯಾಯವೇ, ಆದರೂ ಮಿತಿ ಇರಲೇಬೇಕು.

ಬೇಸಿಗೆಯ ನಮ್ಮ ಕೆಲಸ ಹಿಮಾಲಯನ್ ಬಾಲ್ಸಮ್ ಕೀಳುವುದು. ನಮ್ಮ ಕರ್ಣಕುಂಡಲದ ಬಂಧು ಅದು, 1839ರಲ್ಲಿ ತೋಟದ ಹೂವಾಗಿ ಇಂಗ್ಲೆಂಡಿಗೆ ಬಂತು. ಈಗ ದಂಡೆಯ ಗಿಡಗಳನ್ನೆಲ್ಲ ಮುಚ್ಚಿ ಬೆಳೆಯುತ್ತದೆ, ಚಳಿಗೆ ತಾನೂ ಸತ್ತು ಬರಿ ಮಣ್ಣು ಬಿಡುತ್ತದೆ, ಆ ಮಣ್ಣು ಕಾಲುವೆಗೆ ಕುಸಿಯುತ್ತದೆ. ಕಾಯಿ ಸಿಡಿದು ಬೀಜ ದೂರ ಹಾರುವ ಮುನ್ನ, ಬೇರುಸಹಿತ ಕಿತ್ತರೆ ಸಾಕು. ಔಷಧಿ ಬೇಡ, ಕೈ ಬೇಕು.

ಬೇಸಿಂಗ್‌ಸ್ಟೋಕ್ ಕಡೆಯ ದಾರಿಯಲ್ಲಿರುವ ಗ್ರೇವೆಲ್ ಸುರಂಗದ ಪ್ರಶ್ನೆ ಮಾತ್ರ ಬೇರೆ. 1932ರಲ್ಲಿ ಅದರ ಚಾವಣಿ ಕುಸಿದು ದೋಣಿಯ ದಾರಿ ಮುಚ್ಚಿತು. ಆ ಕತ್ತಲೆಯಲ್ಲಿ ನ್ಯಾಟರರ್ಸ್, ಡಾಬೆಂಟನ್ಸ್ ಬಾವಲಿಗಳು ಚಳಿಗಾಲದ ನಿದ್ದೆಗೆ ನೆಲೆ ಕಂಡುಕೊಂಡವು. ಬ್ರಿಟನ್ನಿನ ಮುಖ್ಯ ಬಾವಲಿ ತಾಣಗಳಲ್ಲಿ ಅದೂ ಒಂದಾಯಿತು. ಸುರಂಗ ತೆರೆದು ಬೇಸಿಂಗ್‌ಸ್ಟೋಕ್ ತಲುಪಬೇಕೆಂಬ ಆಸೆ ಕೆಲವರಿಗೆ ಇನ್ನೂ ಇದೆ. ನನಗಿಲ್ಲ. 32 ಮೈಲಿ ಎಬ್ಬಿಸಿದವರಿಗೆ ಐದು ಮೈಲಿ ಬಿಟ್ಟುಕೊಡುವ ಧಾರಾಳವೂ ಇರಬೇಕು. ಇರುವುದನ್ನು ಕಾಯಲೇ ಕೈ ಸಾಲದು. ಫ್ಲೀಟ್, ಫಾರ್ನ್‌ಬರೋ, ವೋಕಿಂಗ್ ಕಡೆ ಇರುವ ಕನ್ನಡಿಗರೇ, ಈ ಚಳಿಗಾಲ ಹಳೆಯ ಬಟ್ಟೆ, ಗಟ್ಟಿ ಬೂಟು ಹಾಕಿಕೊಂಡು ಬನ್ನಿ. ಗರಗಸ ಗುಂಪಿನವರೇ ಕೊಡುತ್ತಾರೆ, ಹಿಡಿಯುವುದನ್ನೂ ಕಲಿಸುತ್ತಾರೆ.