ಗಣಕಯಂತ್ರದ ದಿನಚರಿಯನ್ನು ಓದುವ ಕ್ರಮ

ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಗಣಕಯಂತ್ರವು ಹಠಾತ್ತಾಗಿ ನಿಂತುಹೋದರೆ, ಅದನ್ನು ಕಡೆಯದಾಗಿ ಮುಟ್ಟಿದವರ ಮೇಲೆ ದೂರು ಬೀಳುವುದು ಲೋಕರೂಢಿ. ಮನೆಯ ಮಗುವೋ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೋ ಆ ದೂರಿಗೆ ಗುರಿಯಾಗುವಳು. ಆದರೆ ಯಂತ್ರವು ತನ್ನ ದಿನಚರಿಯನ್ನು ತಾನೇ ಬರೆದಿಡುವುದೆಂಬುದನ್ನು ಅನೇಕರು ಅರಿಯರು. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಹೇಳುವುದು ನ್ಯಾಯವಲ್ಲ. ಆದುದರಿಂದ ಲಿನಕ್ಸ್ ಯಂತ್ರಗಳಲ್ಲಿ ಆ ಸಾಕ್ಷಿಯನ್ನು ಓದುವ ಬಗೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬವರು ಪ್ರಾರಂಭಿಸಿದರು. ಅದರ ದಿನಚರಿಗೆ 'ಲಾಗ್' ಎಂದು ಹೆಸರು. ಹಿಂದೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆಸೆದು ಹಡಗಿನ ವೇಗವನ್ನು ಅಳೆದು, ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಮರದ ತುಂಡಿನ ಹೆಸರೇ ಪುಸ್ತಕಕ್ಕೂ ಬಂದಿತು.

ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು. ಇವು ಓದಿ ತಿಳಿಸುವುವೇ ಹೊರತು ಯಾವುದನ್ನೂ ಬದಲಿಸವು. ಆದುದರಿಂದ ಅಂಜಿಕೆ ಬೇಡ.

ಮೊದಲು ಯಂತ್ರದ ಈಗಿನ ಸ್ಥಿತಿ. 'ಅಪ್‌ಟೈಮ್' ಎಂದರೆ, ಯಂತ್ರವು ಎಷ್ಟು ಹೊತ್ತಿನಿಂದ ನಡೆಯುತ್ತಿದೆಯೆಂದೂ, ಕಳೆದ 1, 5, 15 ನಿಮಿಷಗಳಲ್ಲಿ ಅದರ ಸರಾಸರಿ ಹೊರೆ ಎಷ್ಟೆಂದೂ ಕಾಣುವುದು. 'ಫ್ರೀ -ಎಚ್' ಸ್ಮರಣೆಯ ಲೆಕ್ಕ ಕೊಡುವುದು. ಅದರಲ್ಲಿ 'ಅವೈಲಬಲ್' ಎಂಬ ಅಂಕಣವನ್ನೇ ನೋಡಬೇಕು. 'ಡಿಎಫ್ -ಎಚ್' ಡಿಸ್ಕಿನಲ್ಲಿ ಉಳಿದ ಸ್ಥಳವನ್ನು ಹೇಳುವುದು.

ಅನಂತರ ದಿನಚರಿ. ಈಗಿನ ಬಹುಪಾಲು ಯಂತ್ರಗಳಲ್ಲಿ 'ಜರ್ನಲ್‌ಸಿಟಿಎಲ್ -ಬಿ -ಪಿ ಎರ್' ಎಂದರೆ, ಈ ಬಾರಿ ಯಂತ್ರ ಹೊತ್ತಿಸಿದಂದಿನಿಂದ ಸಂಭವಿಸಿದ ದೋಷಗಳು ಮಾತ್ರ ತೋರುವುವು. '-ಬಿ -1' ಎಂದರೆ ಹಿಂದಿನ ಬಾರಿಯ ದಿನಚರಿ. ಅದು ಡಿಸ್ಕಿನಲ್ಲಿ ಉಳಿಯುವಂತೆ ಏರ್ಪಾಡಿದ್ದರೆ ಮಾತ್ರ ದೊರೆಯುವುದು. ಪೂರ್ಣವಾಗಿ ಓದಲು ಮುಂದೆ 'ಸುಡೊ' ಎಂದು ಸೇರಿಸಿ ಅಧಿಕಾರ ಪಡೆಯಬೇಕಾದೀತು.

ಒಂದು ದೃಷ್ಟಾಂತವನ್ನು ಊಹಿಸೋಣ. ಶುಕ್ರವಾರ ರಾತ್ರಿ ಮಗಳು ಪಾಠ ಬರೆಯುತ್ತಿರುವಾಗ ಯಂತ್ರ ನಿಂತಿತು. ದಿನಚರಿಯ ಕಡೆಯ ಸಾಲಿನಲ್ಲಿ ಆಕೆ ತೆರೆದ ಕಡತದ ಹೆಸರಿದೆ. ಅಲ್ಲಿಗೇ ಓದು ನಿಲ್ಲಿಸಿದರೆ ತಪ್ಪು ಅವಳದೆನಿಸೀತು. ಹಿಂದಕ್ಕೆ ಓದಿದರೆ, ಡಿಸ್ಕನ್ನು ಓದಲಾಗಲಿಲ್ಲವೆಂಬ 'ಐ/ಒ ಎರರ್' ಸೋಮವಾರದಿಂದಲೇ ಮತ್ತೆ ಮತ್ತೆ ಬಂದಿದೆ. ರೋಗವು ಹಳೆಯದು, ಅದು ಬಯಲಾದುದು ಮಾತ್ರ ಅವಳ ಕೈಯಲ್ಲಿ. ಇಂತಹ ಸಾಲು ಕಂಡೊಡನೆ, ಡಿಸ್ಕು ಪೂರ್ಣವಾಗಿ ಕೆಡುವ ಮೊದಲೇ ಮುಖ್ಯ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಆದುದರಿಂದ ಕಡೆಯ ದೋಷವನ್ನಲ್ಲ, ಮೊದಲನೆಯ ದೋಷವನ್ನು ಹುಡುಕಿರಿ. ಗಂಟೆ ನಿಮಿಷಗಳನ್ನು ಗುರುತಿಸಿಕೊಳ್ಳಿರಿ. ಕಾರಣ ತಿಳಿಯುವವರೆಗೂ ದಿನಚರಿಯನ್ನು ಅಳಿಸಬೇಡಿರಿ. ಅದರಲ್ಲಿ ಮನೆಯವರ ಹೆಸರುಗಳೂ ಖಾಸಗಿ ಸಂಗತಿಗಳೂ ಇರಬಹುದಾದುದರಿಂದ ಅಪರಿಚಿತರಿಗೆ ತೋರಿಸಬೇಡಿರಿ. ತಾಳ್ಮೆಯಿಂದ ಹತ್ತು ಸಾಲು ಓದಿದವರು ನಿರಪರಾಧಿಯೊಬ್ಬಳ ಕಣ್ಣೀರನ್ನು ತಪ್ಪಿಸಬಲ್ಲರು.