ಕಿರುತೆರೆಯ ಬೆಂಕಿ, ಮನೆಯ ಮಕ್ಕಳು

2017ರ ನವೆಂಬರ್‌ನಲ್ಲಿ ಹರಿಹರದ ಏಳು ವರ್ಷದ ಹುಡುಗಿಯೊಬ್ಬಳು ಸುಟ್ಟಗಾಯಗಳಿಂದ ತೀರಿಕೊಂಡಳು. ಟಿ.ವಿ. ಧಾರಾವಾಹಿಯ ಬೆಂಕಿಯ ದೃಶ್ಯವನ್ನು ಅನುಕರಿಸಲು ಹೋಗಿ ಹೀಗಾಯಿತೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದೇನೂ ಹೊಡೆದಾಟದ ಸಿನಿಮಾ ಅಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಸಂಜೆಯ ಧಾರಾವಾಹಿ.

ಏಳೆಂಟು ವರ್ಷದೊಳಗಿನ ಮಗುವಿಗೆ ನಟನೆ ಯಾವುದು, ನಿಜ ಯಾವುದು ಎಂಬ ಭೇದ ಪೂರ್ತಿ ತಿಳಿಯದು. ಬೆಂಕಿಯ ನಡುವೆ ನಿಂತವಳು ಮರುದಿನ ಮತ್ತೆ ಬರುತ್ತಾಳೆ. ಏಟು ತಿಂದ ನಾಯಕನಿಗೆ ಹಾಡಿನ ಹೊತ್ತಿಗೆ ಗಾಯವೇ ಇರುವುದಿಲ್ಲ. ನೋವು ಕಾಣದ ಮೇಲೆ ಅಪಾಯ ಹೇಗೆ ಕಂಡೀತು?

'ಕೊನೆಗೆ ಕೆಟ್ಟವನಿಗೆ ಶಿಕ್ಷೆ ಆಗುತ್ತಲ್ಲ ಡಾಕ್ಟ್ರೇ' ಎನ್ನುವ ತಂದೆತಾಯಿಯರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇದನ್ನೇ ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವ ಚಿತ್ರವನ್ನು ಪುಟ್ಟ ಮಕ್ಕಳಿಗೆ ತೋರಿಸಿದರು. ಬಡಿದವರಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಗೊಂಬೆಯನ್ನು ಅಷ್ಟಾಗಿ ಬಡಿಯಲಿಲ್ಲ. ಆದರೆ 'ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ' ಎಂದೊಡನೆ ಅವರೂ ಉಳಿದ ಮಕ್ಕಳಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಶಿಕ್ಷೆಯ ಭಯ ಕೈಯನ್ನು ತಡೆದಿತ್ತು, ಕಲಿಕೆಯನ್ನು ತಡೆದಿರಲಿಲ್ಲ.

ಹದಿಹರೆಯದವರ ಮಾತು ಬೇರೆ. ಅದು ನಟನೆಯೆಂದು ಅವರಿಗೆ ಗೊತ್ತು. ಲಾಂಗು ಮಚ್ಚು ನೋಡಿ ನೋಡಿ ಮನಸ್ಸು ಜಡ್ಡುಗಟ್ಟುವುದು, ಜಗಳಕ್ಕೆ ಕೈಮಾಡುವುದೇ ದಾರಿ ಎನಿಸುವುದು ಅವರಿಗಿರುವ ಅಪಾಯ. ಹಾಗೆಂದು ಟಿ.ವಿ.ಯೊಂದರಿಂದಲೇ ಯಾರೂ ರೌಡಿಯಾಗುವುದಿಲ್ಲ. ಮನೆಯಲ್ಲೇ ಬೆಲ್ಟಿನ ಏಟು ಬೀಳುತ್ತಿದ್ದರೆ ಟಿ.ವಿ.ಯನ್ನು ದೂರಿ ಫಲವಿಲ್ಲ.

ತುಮಕೂರಿನ ಬಡಾವಣೆಯಾಗಲಿ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯಾಗಲಿ, ರಾತ್ರಿ ಊಟದ ಹೊತ್ತಿಗೆ ಟಿ.ವಿ. ಹಾಕಿರುತ್ತದೆ. ಎಷ್ಟೋ ಮನೆಗಳಲ್ಲಿ ತುತ್ತು ಇಳಿಯಲು ಮೊಬೈಲೂ ಬೇಕು. ಕೊಲೆ ಸುಲಿಗೆಯ ಕಾರ್ಯಕ್ರಮ ನೋಡಿ ಮಲಗಿದ ಮಗು ನಡುರಾತ್ರಿ ಚೀರಿ ಎದ್ದರೆ 'ದೃಷ್ಟಿಯಾಗಿದೆ' ಎಂದು ನಿವಾಳಿಸುತ್ತಾರೆ. ನಿವಾಳಿಸಿ, ಬೇಡವೆನ್ನುವುದಿಲ್ಲ; ಮಲಗುವ ಒಂದು ಗಂಟೆ ಮೊದಲು ಟಿ.ವಿ.ಯನ್ನೂ ಆರಿಸಿ.

ಪುಟ್ಟ ಮಕ್ಕಳನ್ನು ಟಿ.ವಿ. ಮುಂದೆ ಒಂಟಿಯಾಗಿ ಬಿಡಬೇಡಿ. ಅಜ್ಜಿಯ ಧಾರಾವಾಹಿಯಾದರೂ ಪಕ್ಕದಲ್ಲಿ ಕೂತು 'ಇದು ನಿಜವಾದ ಬೆಂಕಿಯಲ್ಲ ಕಂದಾ, ನಿಜವಾದದ್ದು ಸುಡುತ್ತೆ' ಎಂದು ಬಿಡಿಸಿ ಹೇಳಿ. ಬೆಂಕಿಪೊಟ್ಟಣ, ಸೀಮೆಎಣ್ಣೆ, ಈಳಿಗೆಮಣೆ ಕೈಗೆ ಸಿಗದಂತಿರಲಿ. ಭಯ ಎರಡು ಮೂರು ವಾರವಾದರೂ ಹೋಗದಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿದರೆ, ನಾಯಿ ಬೆಕ್ಕುಗಳನ್ನು ಹಿಂಸಿಸತೊಡಗಿದರೆ, ಮಗುವನ್ನು ಬೈಯದೆ ವೈದ್ಯರಲ್ಲಿಗೆ ಕರೆದುಕೊಂಡು ಬನ್ನಿ.