ಹಿಡಿ ಮಣ್ಣು ಮತ್ತು ಮನಸ್ಸಾಕ್ಷಿ



ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಸಾವಾದ ಮನೆಗೆ ಹೋಗಿ ಬಂದವರು 'ಮಣ್ಣಿಗೆ ಹೋಗಿದ್ದೆ' ಎನ್ನುತ್ತಾರೆ. ಬದುಕಿದ್ದಾಗ ಮಾತು ಬಿಟ್ಟವನೂ ಅಂದು ಬಂದು ಹಿಡಿ ಮಣ್ಣು ಹಾಕುತ್ತಾನೆ. ಸತ್ತವನ ಮೇಲೆ ಹಗೆ ಸಲ್ಲದು ಎಂಬುದು ಯಾವ ಸರ್ಕಾರವೂ ಬರೆದ ಕಾನೂನಲ್ಲ. ಆ ಹಿಡಿ ಮಣ್ಣನ್ನೇ ಅರಸನೊಬ್ಬ ನಿಷೇಧಿಸಿದರೆ?

ಕ್ರಿಸ್ತಪೂರ್ವ 441ರ ಸುಮಾರಿಗೆ ಗ್ರೀಕ್ ನಾಟಕಕಾರ ಸಾಫೊಕ್ಲಿಸ್ ಎತ್ತಿದ ಪ್ರಶ್ನೆ ಇದೇ. ಅವನ 'ಆಂಟಿಗೊನೆ' ನಾಟಕವನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದರು. ಥೀಬ್ಸ್ ನಗರದ ಪಟ್ಟಕ್ಕಾಗಿ ಅಣ್ಣತಮ್ಮಂದಿರು ಕಾದಾಡಿ ಇಬ್ಬರೂ ಸತ್ತರು. ಹೊಸ ಅರಸ ಕ್ರೆಯಾನ್ ನಗರವನ್ನು ಕಾದವನಿಗೆ ರಾಜಮರ್ಯಾದೆ ಕೊಟ್ಟ. ಹೊರಗಿನ ಸೈನ್ಯ ತಂದವನ ಶವ ನಾಯಿ, ಹದ್ದುಗಳ ಪಾಲಾಗಲಿ, ಮಣ್ಣು ಮಾಡಿದವರಿಗೆ ಮರಣದಂಡನೆ ಎಂದು ಸಾರಿದ. ಸೋದರಿ ಆಂಟಿಗೊನೆ ಹೋಗಿ ಆ ಶವದ ಮೇಲೆ ಮಣ್ಣು ಹಾಕಿದಳು. ಹಿಡಿದು ತಂದಾಗ ಅದನ್ನು ಅಲ್ಲಗಳೆಯಲಿಲ್ಲ. ದೇವರ ನಿಯಮವೇ ಮೇಲೆಂದು ಹೇಳಿ ಶಿಕ್ಷೆಗೆ ನಿಂತಳು.

ಕ್ರೆಯಾನನನ್ನು ದುಷ್ಟನೆಂದು ತಳ್ಳಿಹಾಕುವುದು ಸುಲಭ. ಆದರೆ ಯುದ್ಧದಿಂದ ಬಳಲಿದ ನಗರಕ್ಕೆ ಶಿಸ್ತು ಬೇಕಾಗಿತ್ತು. ಅವನ ತಪ್ಪು ಎರಡು: ತನ್ನ ಅಧಿಕಾರ ಸಾವಿನಾಚೆಗೂ ನಡೆಯುವುದೆಂದು ತಿಳಿದ, ಜನರು ಅವಳ ಪರವಿದ್ದಾರೆಂದು ಮಗನೇ ಹೇಳಿದರೂ ಕಿವಿಗೊಡಲಿಲ್ಲ. ಮನಸ್ಸು ಬದಲಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಆಂಟಿಗೊನೆ, ಅವಳನ್ನು ವರಿಸಬೇಕಿದ್ದ ಅವನ ಮಗ, ಕೊನೆಗೆ ರಾಣಿ, ಮೂವರೂ ಪ್ರಾಣ ಕಳೆದುಕೊಂಡರು.

ಇದು ದೂರದ ಕಥೆಯೆನಿಸಿದರೆ ನಮ್ಮ ನಾಡನ್ನೇ ನೋಡೋಣ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯಲ್ಲಿ (1965) ಆಚಾರ ಮುರಿದ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ಚರ್ಚಿಸುತ್ತಲೇ ಇರುತ್ತದೆ. ಚಂದ್ರಿ ಎಂಬ ಹೆಣ್ಣು ಮುಸ್ಲಿಮನೊಬ್ಬನ ನೆರವಿನಿಂದ ರಾತ್ರಿಯೇ ಅದನ್ನು ದಹನ ಮಾಡಿಸುತ್ತಾಳೆ. 1970ರ ಚಲನಚಿತ್ರದಲ್ಲಿ ಲಂಕೇಶರೇ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮುಂದೆ ಆ ಪಾತ್ರ ಆಕೆಯ ಬದುಕಿಗೇ ಬಂದಂತಾಯಿತು. ತುರ್ತುಪರಿಸ್ಥಿತಿಯನ್ನು ವಿರೋಧಿಸಿದ ಆಕೆಯನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಆಕೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು, 20ರಂದು ತೀರಿಕೊಂಡರು.

ಪವಿತ್ರ ಗ್ರಂಥದ ತೋಬಿತನೂ ಇದೇ ಹಾದಿಯವನು. ಅರಸ ಕೊಲ್ಲಿಸಿದವರನ್ನು ಗುಟ್ಟಾಗಿ ಹೂಳಿ, ಆಸ್ತಿ ಕಳೆದುಕೊಂಡು ಊರು ಬಿಟ್ಟ. ಸತ್ತವರನ್ನು ಹೂಳುವುದು ಧರ್ಮಸಭೆ ಕಲಿಸುವ ದಯಾಕಾರ್ಯಗಳಲ್ಲಿ ಒಂದು. ಅನ್ಯಾಯದ ಕಾನೂನು ನಿಜಾರ್ಥದಲ್ಲಿ ಕಾನೂನೇ ಅಲ್ಲವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು.

ಹಾಗೆಂದು ನಮ್ಮ ಹಟವೆಲ್ಲ ಮನಸ್ಸಾಕ್ಷಿಯಲ್ಲ. ತೆರಿಗೆ ತಪ್ಪಿಸುವವನೂ ಮನಸ್ಸಾಕ್ಷಿಯ ಮಾತಾಡಬಲ್ಲ. ಆಂಟಿಗೊನೆಯೂ ಹೆದರಿ ಹಿಂಜರಿದ ತಂಗಿಯನ್ನು ಕಟುವಾಗಿ ನೂಕಿದಳು. ಮನಸ್ಸಾಕ್ಷಿ ಪ್ರಾರ್ಥನೆಯಿಂದ, ದೇವರ ವಾಕ್ಯದಿಂದ, ಹಿರಿಯರ ಸಲಹೆಯಿಂದ ಹದಗೊಳ್ಳಬೇಕು. ಅದರ ಗುರುತು ಸರಳ: ಅದು ಬೆಲೆಯನ್ನು ತಾನು ತೆರುತ್ತದೆ, ಪರರಿಂದ ತೆರಿಸುವುದಿಲ್ಲ.

ಮನೆಯಲ್ಲಿ ಕುಳಿತು ಚಿಂತಿಸೋಣ:
1. ನಮ್ಮ ಊರಿನಲ್ಲಿ ಜಾತಿಯ ಕಾರಣಕ್ಕೆ ಮಣ್ಣಿನ ಜಾಗ ಸಿಗದವರಿದ್ದಾರೆಯೇ?
2. ಮನೆಯ ಯಜಮಾನನಾಗಿ ನಾನು ಮಕ್ಕಳ ಮಾತಿಗೆ ಕಿವಿಗೊಡುತ್ತೇನೆಯೇ, ಇಲ್ಲವೇ ಕ್ರೆಯಾನನೇ?